ಅವ್ವಿಗೆ ಹಚ್ಚಿದ ಭೂತಕಾಲ

ಇಂಗ್ಲಿಷಿನ ಕಾಲಗಳನ್ನು ಕಲಿಸುವುದರಲ್ಲಿ ಕುಮಟೆಯಲ್ಲಿ ನನ್ನಂಥ ಗಟ್ಟಿಗಿತ್ತಿ ಇಲ್ಲವಂತೆ. ಹಾಗೆಂದವರ ಬಾಯಿಗೆ ಸಕ್ಕರೆ, ನನ್ನ ಬಾಯಿಗೆ ಮಣ್ಣು. ಇರುವವರಿಗೆ ‘ಇಸ್’, ಹೋದವರಿಗೆ ‘ವಾಸ್’ ಎಂದು ದಿನವೂ ಮಕ್ಕಳ ತಲೆಗೆ ಕುಟ್ಟಿ ಕುಟ್ಟಿ ತುಂಬುತ್ತೇನೆ. ನಾನೇ ಬೇಕೆಂದು ತಪ್ಪು ಹಾಕಿದ್ದು ಒಂದೇ ಸಲ.

ಅದು ಈ ಶಾಲೆಯ ಸಂದರ್ಶನದ ದಿನ. ತಾಯಿ ಏನು ಮಾಡುತ್ತಾರೆ ಎಂದು ಹೆಡ್ ಮೇಡಂ ಅಮಿತಾ ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಅವ್ವಿ ನಾಗು ಅಘನಾಶಿನಿ ಹೊಳೆಯಲ್ಲಿ ಸೊಂಟದ ತನಕ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಆರಿಸುತ್ತಾಳೆ. ಆ ಚಿಪ್ಪಿನ ಬುಟ್ಟಿ ಹೊತ್ತು ಕುಮಟೆಯ ಓಣಿ ಓಣಿ ತಿರುಗಿ ಮಾರುತ್ತಾಳೆ. ಅಷ್ಟು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಎದುರು ಕೂತವರ ಇಸ್ತ್ರಿ ಸೀರೆ ನೋಡಿ ನಾಚಿಕೆಯಾಯಿತು. ‘ಮೈ ಮದರ್ ವಾಸ್ ಎ ಟೀಚರ್’ ಎಂದೆ. ತೀರಿಹೋದರೇ ಎಂದು ಮೇಡಂ ಮೆಲ್ಲಗೆ ಕೇಳಿದರು. ತಲೆ ಆಡಿಸಿದೆ. ಕೆಲಸ ಸಿಕ್ಕಿತು.

ಶಾಲೆಯ ಕಡೆ ಬರಬೇಡ ಎಂದು ಅವ್ವಿಗೆ ಹೇಳಿದ್ದೆ. ಅವಳು ಬಂದವಳೂ ಅಲ್ಲ. ಮೊನ್ನೆ ಊಟದ ಬಿಡುವಿನಲ್ಲಿ, ರಸ್ತೆಯಲ್ಲಿ ಹೋಗುತ್ತಿದ್ದವಳನ್ನು ಮೇಡಮ್ಮೇ ಗೇಟಿಗೆ ಕರೆದರು. ಪಕ್ಕದಲ್ಲಿ ನಾನಿದ್ದೆ. ಅವ್ವಿ ನನ್ನತ್ತ ನೋಡದೆ ಬುಟ್ಟಿ ಇಳಿಸಿದಳು. ತಲೆಯ ಮೇಲಿನ ಸಿಂಬಿ ನನ್ನ ಹಳೆಯ ಕಾಲೇಜು ವೇಲಿನದು.

ಮೇಡಂ ತಮಗೆ ಬೇಕಾದಷ್ಟು ಬಳಚು ತೆಗೆದುಕೊಂಡರು. "ನಮ್ಮ ವಸಂತಿಗೂ ಒಂದಿಷ್ಟು ಕೊಡು. ಪಾಪ, ತಾಯಿ ಇಲ್ಲದವಳು," ಎಂದರು.

ಅವ್ವಿಯ ಕೈ ಬುಟ್ಟಿಯಲ್ಲೇ ನಿಂತಿತು. "ಎಂತ ಆಗಿತ್ತು ಅವ್ರಿಗೆ?" ಎಂದು ನನ್ನನ್ನೇ ಕೇಳಿದಳು.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ, ಮಹಾತಾಯಿ ನಾನು. ನನ್ನ ಊಟದ ಚೀಲ ಬಿಚ್ಚಿ ಹಿಡಿದೆ.

ಅವ್ವಿ ಚೀಲಕ್ಕೆ ಬೊಗಸೆ ಬೊಗಸೆ ಸುರಿದಳು. ನಾನು ಪರ್ಸ್ ತೆಗೆದೆ.

"ಬ್ಯಾಡ. ತಾಯಿ ಇಲ್ದೋರ ಹತ್ರ ದುಡ್ಡು ತಕ್ಕಳುದಿಲ್ಲ."

ಬುಟ್ಟಿಯನ್ನು ಮತ್ತೆ ತಲೆಗೇರಿಸಲು ಕೊಂಡವರೇ ಕೈ ಕೊಡುವುದು ನಮ್ಮ ಕಡೆಯ ರೂಢಿ. ಮೇಡಂ ಮುಂದೆ ಬಂದರು. ಅವ್ವಿ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಅಕ್ಕೋರೆ, ಒಂದು ಕೈ ಹಿಡೀರಿ."

ಊರಿನ ಮಕ್ಕಳು ಟೀಚರನ್ನು ಕರೆಯುವ ಹಾಗೆ ಹೆತ್ತವಳು ನನ್ನನ್ನು ಕರೆದಳು. ಬುಟ್ಟಿಯ ನೀರು ನನ್ನ ಸೀರೆಯ ಮೇಲೆ ಸೋರಿತು. ಎತ್ತಿಕೊಟ್ಟೆ, ಅವಳು ಹೋದಳು. ನಾನು ಏಳನೇ ತರಗತಿಗೆ ಹೋಗಿ ಭೂತಕಾಲದ ಪಾಠ ಮುಗಿಸಿದೆ.

ಸಂಜೆ ಮನೆಗೆ ಹೋದಾಗ ಅವ್ವಿ ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಬಳಚು ಬಿಡಿಸಿ, ಕಾಯಿ ಅರೆದು, ಎಂದಿನ ಹಾಗೇ ಸುಕ್ಕ ಮಾಡಿದಳು. ನನ್ನ ತಟ್ಟೆಗೆ ಬಡಿಸಿದಳು.

"ಅವ್ವಿ, ನಂದು ತಪ್ಪಾತು," ಎಂದೆ.

"ಉಣ್ಣಿ ಅಕ್ಕೋರೆ," ಎಂದಳು. "ನಿಮ್ಮ ಅವ್ವಿ ಬಳಚು ಚಲೋ ಮಾಡ್ತಿತ್ತಂತೆ."