ಶಾಸಕರನ್ನು ಹೊರತುಪಡಿಸಿ

ಆಸ್ಪತ್ರೆಯ ಪಡಸಾಲೆಯಲ್ಲಿ ವರ್ನಾ ವೆಟ್ಸೆಲ್ ತನ್ನ ಕೋಟಿನ ಜಿಪ್ಪು ಎಳೆಯಲಾಗದೆ ಒದ್ದಾಡುತ್ತಿದ್ದುದನ್ನು ಮಾರ್ಲಿಸ್ ಟ್ವೈಟ್ ಬಾಗಿಲಲ್ಲೇ ಕಂಡಳು. ಬೆರಳ ಗೆಣ್ಣುಗಳು ಊದಿ ಕೆಂಪಗಾಗಿದ್ದವು. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ದಾಲ್ಚಿನ್ನಿ ರೋಲು ಸುತ್ತಿದ ಬೆರಳುಗಳು ಅವು.

"ಏನೇ ಇದು, ಕೈ ಹೀಗಾಗಿದೆ?"

"ಇನ್ನೇನು, ಹೊಸ ರೂಲ್ಸು," ಅಂದಳು ವರ್ನಾ. "ಜನವರಿಯಿಂದ ನನ್ನ ಇಂಜೆಕ್ಷನ್ ನಿಲ್ಸಿದಾರೆ. ಮೊದಲು ಆರು ತಿಂಗಳು ಹಳೇ ಗುಳಿಗೆ ತಿನ್ಬೇಕಂತೆ. ಅದ್ರಿಂದ ವಾಸಿಯಾಗ್ಲಿಲ್ಲ ಅಂದ್ರೆ ಮಾತ್ರ ಇಂಜೆಕ್ಷನ್ನು. ಆ ಗುಳಿಗೆ ನಂಗೆ ಹಿಡಿಯಲ್ಲ ಅಂತ ಒಂಬತ್ತು ವರ್ಷದ ಹಿಂದೇನೇ ಗೊತ್ತಾಗಿತ್ತು. ಆ ಫೇಲು ನಡೆಯಲ್ವಂತೆ ಕಣೇ, ಹೊಸದಾಗಿ ಫೇಲಾಗ್ಬೇಕಂತೆ!"

ಇಬ್ಬರಿಗೂ ಒಂದೇ ಸಂಧಿವಾತ, ಒಬ್ಬರೇ ಡಾಕ್ಟರು, ಒಂದೇ ಇಂಜೆಕ್ಷನ್ನು. ವ್ಯತ್ಯಾಸ ಇಷ್ಟೇ: ಮಾರ್ಲಿಸ್ ಈ ಊರಿನ ಶಾಸಕಿ.

"ನಿನ್ನ ಬಯ್ಯಲ್ಲ ಬಿಡು," ವರ್ನಾ ಅವಳ ತೋಳು ಸವರಿದಳು. "ನಿಂದೂ ಸರ್ಕಾರದ ವಿಮೆನೇ ಅಲ್ವಾ? ನಿಂಗೂ ನಿಲ್ಸಿರ್ತಾರೆ."

"ಹೂಂ," ಅಂದುಬಿಟ್ಟಳು ಮಾರ್ಲಿಸ್.

ಆ ಮಸೂದೆ ಅವಳ ಸಮಿತಿಯಿಂದಲೇ ಹೊರಬಂದಿತ್ತು. ರಾಜ್ಯದ ನೌಕರರು, ಶಾಲೆಗಳ ಸಿಬ್ಬಂದಿ ಎಲ್ಲರೂ ಮೊದಲು ಅಗ್ಗದ ಔಷಧಿ ತೆಗೆದುಕೊಳ್ಳಬೇಕು ಎಂಬ ನಿಯಮ. ನಲವತ್ತೊಂದನೇ ಪುಟದಲ್ಲಿ, ಇತರ ವಿವರಗಳ ನಡುವೆ, 'ಶಾಸಕರ ವಿಮಾ ಯೋಜನೆಯನ್ನು ಹೊರತುಪಡಿಸಿ' ಎಂದಿತ್ತು. ಕಣ್ತಪ್ಪಿತು ಎಂದು ಹೇಳುವಂತಿರಲಿಲ್ಲ. ಆ ಸಾಲನ್ನು ಅವಳು ಎರಡು ಸಲ ಓದಿದ್ದಳು. ಮನೆಯ ಫ್ರಿಜ್ಜಿನಲ್ಲಿದ್ದ ತನ್ನ ಇಂಜೆಕ್ಷನ್ ನೆನಪಾಗಿತ್ತು. ಪುಟ ತಿರುವಿ, ಆಮೇಲೆ ಮಸೂದೆಯ ಪರ ಕೈ ಎತ್ತಿದ್ದಳು.

ಆಡಿದ ಒಂದು 'ಹೂಂ' ಅವಳನ್ನು ಎಲ್ಲಿಗೋ ಎಳೆದುಕೊಂಡು ಹೋಯಿತು. ವಾರಾಂತ್ಯಕ್ಕೆ ಅವಳು ರಾಜಧಾನಿಯಿಂದ ಊರಿಗೆ ಬಂದಾಗಲೆಲ್ಲ ವರ್ನಾ ಬರುತ್ತಿದ್ದಳು. "ಗುಳಿಗೆ ಬರೀ ಹೊಟ್ಟೇಲಿ ನುಂಗ್ಬೇಡ್ವೇ, ವಾಂತಿ ಬರತ್ತೆ," ಎಂದು ಬುದ್ಧಿ ಹೇಳುತ್ತಿದ್ದಳು. ಒಮ್ಮೆ ಚಿಲ್ಲಿ ಎಂಬ ಮಾಂಸ-ಕಾಳಿನ ಸಾರಿನ ಪಾತ್ರೆಯನ್ನು ಮೊಣಕೈಗಳ ನಡುವೆ ಅವಚಿಕೊಂಡು ತಂದಳು. "ನಿಂಗೂ ಈರುಳ್ಳಿ ಹೆಚ್ಚೋಕಾಗಲ್ಲ ಅಂತ ಗೊತ್ತು," ಅಂದಳು. ಆ ದಿನ ಮಾರ್ಲಿಸ್ ಕಾಫಿಯ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ, ನೋವಿರುವವಳಂತೆ ಎತ್ತಿದಳು. ವರ್ನಾ ಹೋದ ಮೇಲೆ ಅದನ್ನು ತಿನ್ನಲಾಗಲಿಲ್ಲ. ಚೆಲ್ಲಲೂ ಮನಸ್ಸು ಬಾರದೆ ಪಾತ್ರೆಯನ್ನು ಫ್ರಿಜ್ಜಿನಲ್ಲಿ, ತನ್ನ ಇಂಜೆಕ್ಷನ್ನಿನ ಪಕ್ಕ ಇಟ್ಟಳು.

ಏಪ್ರಿಲಿನಲ್ಲಿ, ಅಧಿವೇಶನದ ಕೊನೆಯ ವಾರ, ಅವಳು ಎದ್ದುನಿಂತು ಒಂದು ತಿದ್ದುಪಡಿ ಮಂಡಿಸಿದಳು. 'ಹೊರತುಪಡಿಸಿ' ಎಂಬ ಸಾಲನ್ನು ತೆಗೆಯಬೇಕು, ನಾವು ಮಾಡಿದ ನಿಯಮಕ್ಕೆ ನಾವೂ ಒಳಪಡಬೇಕು. ಇಷ್ಟು ಮಾಡಿದರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು. ಹಿಂದಿನ ಸಾಲಿನ ಡೆಲ್ಬರ್ಟ್ ಸ್ಟ್ರೋ ಮುಂದಕ್ಕೆ ಬಾಗಿದ. "ತೆಗಿಯಮ್ಮಾ, ಆ ಸಾಲು ತೆಗಿ. ನಂಗೆ ಅರವತ್ತೈದು ದಾಟಿದೆ, ನನ್ನ ವಿಮೆ ರಾಜ್ಯದ್ದಲ್ಲ, ವಯಸ್ಸಾದವರಿಗೆ ವಾಷಿಂಗ್ಟನ್ ಕೊಡೋದು. ನನ್ನ ಪಕ್ಕದವನ ವಿಮೆ ಹೆಂಡ್ತಿ ಕಂಪನೀದು. ಆ ಕಡೆಯವನಿಗೆ ನೆಗಡೀನೂ ಬರಲ್ಲ. ನಮಗೇನು ಹೋಗತ್ತೆ?" ಸುತ್ತಲಿನವರು ನಕ್ಕರು. ತಿದ್ದುಪಡಿಗೆ ಎದುರು ಬಿದ್ದವರು ನಾಲ್ಕೇ ಜನ. ಉಳಿದವರೆಲ್ಲ ಒಪ್ಪಿ ಚಪ್ಪಾಳೆ ತಟ್ಟಿದರು.

ಮಾರನೆಯ ದಿನ ಪತ್ರಿಕೆಯಲ್ಲಿ ಅವಳ ಫೋಟೊ ಬಂತು. 'ತಮ್ಮ ವಿನಾಯಿತಿ ತಾವೇ ಬಿಟ್ಟುಕೊಟ್ಟ ಶಾಸಕರು.' ಅದನ್ನು ಓದಿಯೇ ಅವಳಿಗೆ ಹೊಳೆದದ್ದು: ವರ್ನಾಳ ಮನೆಗೂ ಇದೇ ಪತ್ರಿಕೆ ಬರುತ್ತದೆ.

ಮಾರ್ಲಿಸ್ ಕಾರು ಹತ್ತಿ ನೇರ ಊರಿಗೆ, ವರ್ನಾಳ ಶಾಲೆಗೆ ಬಂದಳು. ಊಟದ ಹೊತ್ತು ಮುಗಿದಿತ್ತು. ವರ್ನಾ ಅಂಗೈಯಲ್ಲಿ ಒತ್ತಿ ಒತ್ತಿ ಮೇಜು ಒರೆಸುತ್ತಿದ್ದಳು.

"ನಿಂಗೆ ನಿಲ್ಸೇ ಇರ್ಲಿಲ್ಲ," ಅಂದಳು, ತಲೆ ಎತ್ತದೆ.

"ಇಲ್ಲ."

"ನನ್ನ ಮುಂದೆ ಕಪ್ಪು ಎರಡು ಕೈಯಲ್ಲಿ ಹಿಡ್ಕೊಂಡು ಕೂತಿದ್ಯಲ್ಲೇ. ನಾನು ಮನೆಗೆ ಹೋಗಿ ನಿಂಗೋಸ್ಕರ ಪ್ರಾರ್ಥನೆ ಮಾಡ್ದೆ, ಗೊತ್ತಾ?"

"ತಪ್ಪಾಯ್ತು ವರ್ನಾ. ಅದಕ್ಕೇ ಈಗ ನಾನೂ ಜುಲೈಯಿಂದ—"

"ನಿನ್ನ ಬೆರಳು ಮುರುಟಿದ್ರೆ ನನ್ನ ಬೆರಳು ಬಿಚ್ಚಿಕೊಳ್ಳತ್ತಾ? ನಿಂಗೂ ನೋವಾಗ್ಲಿ ಅಂತ ನಾನ್ಯಾವತ್ತು ಕೇಳ್ದೆ? ನನ್ನ ಔಷಧಿ ನಂಗೆ ಕೊಡಿ ಅಂದೆ, ಅಷ್ಟೇ." ಬಟ್ಟೆಯನ್ನು ಮೇಜಿನ ಮೇಲೆಸೆದಳು. "ಆ ರೂಲ್ಸನ್ನೇ ತೆಗೀರಿ ಅಂತ ಕೇಳಿದ್ಯಾ?"

"ಕೇಳಿದ್ರೂ ಗೆಲ್ತಿರ್ಲಿಲ್ಲ."

"ಗೆಲ್ತಿತ್ತಾ ಅಂತ ಕೇಳ್ಲಿಲ್ಲ ನಾನು. ಕೇಳಿದ್ಯಾ ಅಂದೆ."

"ಇಲ್ಲ," ಅಂದಳು ಮಾರ್ಲಿಸ್. ಕೇಳಿದ್ದರೆ ಸಮಿತಿಯ ಸ್ಥಾನ ಹೋಗುತ್ತಿತ್ತು. ತಿದ್ದುಪಡಿಗೆ ಚಪ್ಪಾಳೆ ಬಂದಿತ್ತು.

ಜುಲೈಯಲ್ಲಿ ಗುಳಿಗೆ ಶುರುವಾಯಿತು. ಸೆಪ್ಟೆಂಬರ್ ಹೊತ್ತಿಗೆ ಬಾಗಿಲ ಹಿಡಿ ತಿರುವುವುದಕ್ಕೂ ಅವಳು ಟವೆಲು ಸುತ್ತಿಕೊಳ್ಳಬೇಕಾಯಿತು. ನಟಿಸಿದ್ದು ನಿಜವಾದಾಗ ಅವಳಿಗೆ ತಿಳಿದದ್ದು, ತನ್ನ ನಟನೆಯೂ ತಪ್ಪಾಗಿತ್ತು ಎಂದು. ನಿಜವಾದ ನೋವಿರುವವರು ಕಪ್ಪನ್ನು ಮುಟ್ಟುವುದೇ ಇಲ್ಲ. ವರ್ನಾಗೆ ಆಗಸ್ಟಿನಲ್ಲಿ ಇಂಜೆಕ್ಷನ್ ಮತ್ತೆ ಮಂಜೂರಾಯಿತೆಂದು ಚರ್ಚಿನಲ್ಲಿ ಯಾರೋ ಹೇಳಿದರು. ಊತ ಇಳಿದಿತ್ತಂತೆ, ಬಲಗೈಯ ಎರಡು ಬೆರಳು ಮಾತ್ರ ನೆಟ್ಟಗಾಗಲಿಲ್ಲವಂತೆ. ಅಡುಗೆ ಬಿಡಿಸಿ ಅವಳನ್ನು ಊಟದ ಸಾಲು ನೋಡಿಕೊಳ್ಳಲು ಹಾಕಿದ್ದರು.

ಮುಂದಿನ ಅಧಿವೇಶನದಲ್ಲಿ ಮಾರ್ಲಿಸ್ ನಿಯಮವನ್ನೇ ರದ್ದುಮಾಡುವ ಮಸೂದೆ ತಂದಳು. ಈ ಸಲ ಡೆಲ್ಬರ್ಟ್ ಎದ್ದುನಿಂತೇ ಮಾತಾಡಿದ. "ಹೋದ ವರ್ಷ ಎಲ್ಲರೂ ಒಂದೇ ಅಂದ್ರಿ, ಒಪ್ಪಿದ್ವಿ. ಈಗ ನಿಮ್ಮ ಕೈ ನೋಯ್ತು ಅಂತ ಕಾನೂನು ತೆಗೀಬೇಕಾ? ನಾವೂ ಇದೇ ರೂಲ್ಸಲ್ಲಿ ಇದೀವಲ್ಲ, ಬೇರೆಯವರದ್ದೇನು ದೂರು?"

ಅವಳಿಗೆ ಆಗ ಅರ್ಥವಾಯಿತು. ತನ್ನ ತಿದ್ದುಪಡಿ ಆ ನಿಯಮಕ್ಕೆ ಇಲ್ಲದ ಮರ್ಯಾದೆ ತಂದುಕೊಟ್ಟಿತ್ತು. ಸಾಲನ್ನು ಓದಿಯೂ ಸುಮ್ಮನಿದ್ದುದನ್ನು, ಗೆಳತಿಗೆ ಸುಳ್ಳು ಹೇಳಿದ್ದನ್ನು ಅವಳು ಸಭೆಯ ಮುಂದೆ ಹೇಳಿದಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಸೂದೆ ಬಿದ್ದುಹೋಯಿತು.

ಹೊರಗೆ ಬಂದು, ತಿಂಗಳುಗಳ ಮೇಲೆ, ವರ್ನಾಗೆ ಫೋನು ಮಾಡಿದಳು.

"ಸೋತ್ಯಾ?"

"ಸೋತೆ. ಇಪ್ಪತ್ತೊಂಬತ್ತು ಜನ ನಮ್ಮ ಕಡೆ."

"ನಾನು ಹತ್ತು ಅಂದ್ಕೊಂಡಿದ್ದೆ." "ನಿನ್ನ ಮೇಲೆ ನಂಗಿನ್ನೂ ಸಿಟ್ಟಿದೆ."

"ಗೊತ್ತು."

"ಬೇಡ ಅಂದೋರ ಹೆಸರು ಹೇಳು. ಬರ್ಕೋತೀನಿ."

ಮಾರ್ಲಿಸ್ ಪಟ್ಟಿ ತೆಗೆದು ಮೊದಲ ಹೆಸರು ಓದಿದಳು. ಆ ಕಡೆ ಪೆನ್ಸಿಲು ನಿಧಾನವಾಗಿ ಕೆರೆಯುತ್ತಿತ್ತು. ಅದು ನಿಲ್ಲುವವರೆಗೂ ಕಾದು, ಎರಡನೆಯದು ಓದಿದಳು.