ಬಟ್ಟೆ ಕಟ್ಟಿದ ಮರಗಳು

"ಬಟ್ಟೆ ಕಟ್ಟಿರೋದನ್ನ ಕಡೀಬೇಕಾ, ಕಟ್ಟದೆ ಇರೋದನ್ನ ಕಡೀಬೇಕಾ?"

ಗರಗಸದವನು ಕೇಳಿದ್ದು ಇಷ್ಟೇ. ಹೆಗಲ ಮೇಲಿನ ಗರಗಸ ಇಳಿಸಿ, ಇಬ್ಬನಿ ಹೆಪ್ಪುಗಟ್ಟಿದ್ದ ಹುಲ್ಲಿನ ಮೇಲೆ ಎಣ್ಣೆ ಡಬ್ಬಿ ಇಟ್ಟು, ಅಂಗೈ ಉಜ್ಜಿಕೊಳ್ಳುತ್ತ ನಿಂತಿದ್ದ. ಅವನ ಹಿಂದೆ ಮೂವತ್ತಾರು ಸೇಬಿನ ಮರಗಳು ಒಂದೆಲೆಯೂ ಇಲ್ಲದೆ, ಎಲ್ಲವೂ ಒಂದೇ ಬೂದಿ ಬಣ್ಣಕ್ಕೆ ತಿರುಗಿ ನಿಂತಿದ್ದವು. ಕೆಲವಕ್ಕೆ ಎದೆಯೆತ್ತರದಲ್ಲಿ ಬಣ್ಣಗೆಟ್ಟ ಬಟ್ಟೆಯ ಪಟ್ಟಿ ಸುತ್ತಿತ್ತು, ಕೆಲವಕ್ಕೆ ಇರಲಿಲ್ಲ.

ಅತ್ತಿಗೆ ಹೇಳಲೆಂದು ಬಾಯಿ ತೆರೆದಳು. ಉತ್ತರ ನಾಲಿಗೆಯ ತುದಿಯಲ್ಲೇ ಇದೆ ಎಂದು ಇಷ್ಟು ದಿನ ನಂಬಿಕೊಂಡಿದ್ದಳು. ಅಲ್ಲಿ ಏನೂ ಇರಲಿಲ್ಲ.

"ಪುಸ್ತಕ ತರ್ತೀನಿ, ಇರಪ್ಪ."

"ನಮ್ಮತ್ತಿಗೆ ಎಲ್ಲಾನೂ ಬರೆದಿಟ್ಟಿರ್ತಾರೆ," ಕೋಳಿಗೂಡಿನ ಬಾಗಿಲಿಗೆ ತಂತಿ ಸುತ್ತುತ್ತಿದ್ದ ನಾದಿನಿ ಅಲ್ಲಿಂದಲೇ ಹೇಳಿದಳು. "ಬಂದಾಗಿಂದ ನೀನು ಎಷ್ಟು ಸಲ ಕೆಮ್ಮಿದೆ ಅಂತ ಕೇಳು. ಅದೂ ಇರುತ್ತೆ."

ಗರಗಸದವನು ನಕ್ಕ. ಅತ್ತಿಗೆಗೆ ನಗು ಬರಲಿಲ್ಲ.

ಈ ಮನೆಗೆ ಬಂದು ಒಂದೂವರೆ ತಿಂಗಳಾಗಿತ್ತು. ಬಂದವರು ಇಬ್ಬರೇ. ಗಂಡ ತೀರಿಕೊಂಡ ಮೇಲೆ ಅತ್ತಿಗೆಯ ಜೊತೆಗೆ ಉಳಿದವಳು ಅವನ ತಂಗಿ, ಐವತ್ತು ದಾಟಿದರೂ ಅತ್ತಿಗೆಯ ಬಾಯಲ್ಲಿ ಪುಟ್ಟಿಯೇ ಆಗಿದ್ದ ಈ ನಾದಿನಿ. ಅತ್ತಿಗೆ ಮೂವತ್ತು ವರ್ಷ ಕಾಲೇಜಿನ ಕಚೇರಿಯಲ್ಲಿ ಸಭೆಗಳ ನಡಾವಳಿ ಬರೆದವಳು. ಯಾರು ಏನೆಂದರು, ಯಾರು ಒಪ್ಪಿದರು, ಯಾರು ಒಪ್ಪದೆ ಎದ್ದುಹೋದರು ಎಂಬ ತಕರಾರು ಬಂದಾಗಲೆಲ್ಲ ಎಲ್ಲರೂ ಅವಳ ಪುಸ್ತಕದ ಕಡೆಗೇ ನೋಡುತ್ತಿದ್ದರು. ನಾದಿನಿ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ತೋಟ, ಕೋಳಿ, ಹಳೆಯ ಮನೆ ಎಂದಾಗ ಅವಳು ಹಿಂದೆಮುಂದೆ ನೋಡಿದ್ದಳು. "ಎಲ್ಲ ಕೇಳ್ಕೊಂಡಿದ್ದೀನಿ, ಎಲ್ಲ ಬರ್ಕೊಂಡಿದ್ದೀನಿ. ನೀನು ಸುಮ್ನೆ ಬಾ" ಎಂದಿದ್ದಳು ಅತ್ತಿಗೆ. ಆ ಒಂದು ಮಾತಿನ ಮೇಲೆ ನಾದಿನಿ ಅಂಗಡಿಯ ಬಾಗಿಲು ಎಳೆದು, ಹೊಲಿಗೆ ಯಂತ್ರವನ್ನು ಗೋಣಿಯಲ್ಲಿ ಸುತ್ತಿಕೊಂಡು ಬಂದಿದ್ದಳು.

ಬಂದ ಮೇಲೆ ಮನೆ ಒಂದೊಂದೇ ಸೋಜಿಗ ಬಿಚ್ಚತೊಡಗಿತು. ಬೀಗಗಳು ಏಳು, ಕೀಲಿಗಳು ಹನ್ನೊಂದು. ಬೆಳಿಗ್ಗೆ ತೆರೆದುಕೊಳ್ಳುವ ಹಿತ್ತಲ ಬಾಗಿಲು ಸಂಜೆಯ ಹೊತ್ತಿಗೆ ಉಬ್ಬಿ ಕಚ್ಚಿಕೊಳ್ಳುತ್ತಿತ್ತು. ನಡುಮನೆಯ ಗೋಡೆಯಲ್ಲಿದ್ದ ಒಂದು ಸ್ವಿಚ್ಚು ಯಾವ ದೀಪಕ್ಕೆ ಸೇರಿದ್ದೆಂದು ಇನ್ನೂ ಪತ್ತೆಯಾಗಿರಲಿಲ್ಲ. ದಿನಾ ಒಬ್ಬರು ಅದನ್ನು ಒತ್ತುವುದು, ಇನ್ನೊಬ್ಬರು ಮನೆಯೆಲ್ಲ ಓಡಾಡಿ "ಇಲ್ಲಿಲ್ಲ" ಎಂದು ಕೂಗುವುದು ನಡೆದೇ ಇತ್ತು. ಆದರೆ ಇಬ್ಬರೂ ಮನೆ ನೋಡಲು ಬಂದ ದಿನ ಅತ್ತಿಗೆ ಬರೆದುಕೊಂಡಿದ್ದ ಪುಸ್ತಕದಲ್ಲಿ ಇದ್ದದ್ದೆಲ್ಲ ಸರಿಯಾಗಿತ್ತು. ಬಡಗಣ ಗಾಳಿ ಬೀಸಿದರೆ ಒಲೆಯ ಕೆಳಬಾಗಿಲು ಮುಚ್ಚಬೇಕು ಎಂದಿತ್ತು, ಮುಚ್ಚಿದರೆ ಹೊಗೆ ನಿಜವಾಗಿಯೂ ನಿಲ್ಲುತ್ತಿತ್ತು.

ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಅತ್ತಿಗೆ ಪುಟ ತಿರುವಿದಳು. ಹದಿನಾಲ್ಕನೆಯ ಪುಟ, ಅವಳದೇ ದುಂಡು ಅಕ್ಷರ. ಒಟ್ಟು ಮರ ಮೂವತ್ತಾರು. ಬಟ್ಟೆ ಕಟ್ಟಿದ್ದು ಹದಿನೇಳು, ಕಟ್ಟದ್ದು ಹತ್ತೊಂಬತ್ತು. ಚಳಿ ಮುಗಿಯುವುದರೊಳಗೆ ಅರ್ಧದಷ್ಟು ತೆಗೆಸಬೇಕು. ಇಲ್ಲದಿದ್ದರೆ ಒಂದರ ನೆರಳಲ್ಲಿ ಒಂದು ಕೊರಗಿ ಯಾವುದೂ ಕಾಯಿ ಹಿಡಿಯುವುದಿಲ್ಲ. ಅದರ ಕೆಳಗೆ ಬಾವಿಯ ಪಂಪಿನ ವಿಷಯ ಶುರುವಾಗಿತ್ತು.

ಯಾವ ಅರ್ಧ?

ಮನೆ ಮಾರಿದ ಯಜಮಾನರು ಅಂದು ಮರಗಳ ನಡುವೆ ನಡೆದು ತೋರಿಸಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಕೋಲಿನಿಂದ ಒಂದೊಂದೇ ಕಾಂಡವನ್ನು ತಟ್ಟುತ್ತಿದ್ದರು. ಅವರ ಸ್ವೆಟರಿನ ನಡುವಿನ ಗುಂಡಿ ಇರಲಿಲ್ಲ. ಮಾತನಾಡುವಾಗ ಬಾಯಿಂದ ಬಿಳಿ ಉಸಿರು ಏಳುತ್ತಿತ್ತು. ಉಸಿರು ನೆನಪಿತ್ತು, ಅದರೊಳಗಿನ ಮಾತು ನೆನಪಿರಲಿಲ್ಲ.

ಅವಳು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಬಂದಳು. "ನಿನಗೆ ಅನುಭವ ಇದೆಯಲ್ಲಪ್ಪ. ನೀನಾಗಿದ್ರೆ ಯಾವುದನ್ನ ಕಡೀತಿದ್ದೆ?"

ಗರಗಸದವನು ಹತ್ತಿರದ ಮರವೊಂದರ ತೊಗಟೆಯನ್ನು ಉಗುರಿನಿಂದ ಕೆರೆದ. ಒಳಗೆ ಹಸಿರು. ಪಕ್ಕದ್ದನ್ನು ಕೆರೆದ. ಅಲ್ಲೂ ಹಸಿರು. ಬಟ್ಟೆ ಇದ್ದದ್ದು, ಇಲ್ಲದ್ದು, ದಪ್ಪನೆಯದು, ವಾಲಿದ್ದು, ಹತ್ತು ಮರ ನೋಡಿದ.

"ಎಲ್ಲಕ್ಕೂ ಜೀವ ಇದೆ ಅಮ್ಮ. ಎಲ್ಲಾ ನಿದ್ದೆ ಮಾಡ್ತಿವೆ. ಮಲಗಿರೋರಲ್ಲಿ ಸೋಮಾರಿ ಯಾರು ಅಂತ ಹೆಂಗೆ ಹೇಳ್ಲಿ?"

"ಬೇರೆ ಕಡೆ ಹೇಗೆ ಕಟ್ತಾರೆ?"

"ಒಬ್ರು ಕಡಿಯೋದಕ್ಕೆ ಕಟ್ತಾರೆ. ಒಬ್ರು ಇದನ್ನ ಮುಟ್ಟಬೇಡ ಅಂತ ಕಟ್ತಾರೆ. ಇನ್ನೊಂದಿದೆ. ಕೆಲವು ಮರ ತಾವು ಕಾಯಿ ಬಿಡಲ್ಲ, ಆದ್ರೆ ಅವುಗಳ ಹೂವು ಇಲ್ದಿದ್ರೆ ಪಕ್ಕದ ಮರ ಕಾಯಿ ಕಟ್ಟಲ್ಲ. ಅದಕ್ಕೂ ಕಟ್ಟೋರಿದ್ದಾರೆ. ತಲೆಗೊಂದು ಪದ್ಧತಿ." ಅವನು ಆಕಾಶ ನೋಡಿದ. "ನಾಳೆಯಿಂದ ನಾನು ಬೆಟ್ಟದ ಮೇಲಿನ ಕೆಲಸಕ್ಕೆ ಹೋಗ್ತೀನಿ. ಬರೋ ಹೊತ್ತಿಗೆ ಇವು ಚಿಗುರಿರ್ತವೆ. ಆಮೇಲೆ ಕಡಿದ್ರೆ ಉಳಿದಿದ್ದಕ್ಕೂ ಪೆಟ್ಟು. ತಪ್ಪಾಗಿ ಕಡಿದ್ರೂ ಅಷ್ಟೇ, ಹೊಸ ಗಿಡ ನೆಟ್ಟು ಏಳು ವರ್ಷ ಕಾಯ್ಬೇಕು. ಹೇಳಿಬಿಡಿ."

ಏಳು ವರ್ಷ. ಆಗ ಅವಳಿಗೆ ಎಪ್ಪತ್ತು. ನಾದಿನಿ ತಂತಿಯ ಕೆಲಸ ಬಿಟ್ಟು ಇತ್ತಲೇ ನೋಡುತ್ತಿದ್ದಳು. ಬಟ್ಟೆ ಕಟ್ಟಿದ್ದನ್ನೇ ಕಡಿ ಎನ್ನೋಣವೆ? ಯಾರಾದರೂ ಬೇಡದ್ದಕ್ಕೇಕೆ ಅಷ್ಟು ಕಾಳಜಿಯಿಂದ ಬಟ್ಟೆ ಸುತ್ತುತ್ತಾರೆ? ಹಾಗಾದರೆ ಕಟ್ಟದ್ದನ್ನು ಕಡಿ ಎಂದರೆ? ಉಳಿಸಿಕೊಳ್ಳುವ ಮರಕ್ಕೆ ಇಷ್ಟು ಬಿಗಿಯಾಗಿ ಗಂಟು ಹಾಕುತ್ತಾರೆಯೆ? ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆನ್ನುವವಳು ಅವಳು. ಅಳೆಯುವ ಸೇರೇ ಕೈಯಲ್ಲಿರಲಿಲ್ಲ.

"ಒಂದು ನಿಮಿಷ" ಎಂದು ಬಚ್ಚಲುಮನೆಯ ಹಿಂದೆ ಹೋಗಿ ಯಜಮಾನರಿಗೆ ಫೋನು ಮಾಡಿದಳು. ಅವರ ಸೊಸೆ ಎತ್ತಿ, "ಮಾವ, ಮನೆ ತಗೊಂಡೋರು" ಎಂದು ಎರಡು ಸಲ ಕೂಗಿದ ಮೇಲೆ ಮುದುಕರ ದನಿ ಬಂತು.

"ಒಲೆ ಹೊಗೆ ಬಿಡ್ತಿದೆಯೇನಮ್ಮ?"

"ಇಲ್ಲ, ಒಲೆ ಸರಿ ಇದೆ. ಮರಕ್ಕೆ ಬಟ್ಟೆ ಕಟ್ಟಿದೆಯಲ್ಲ, ಅದು ಕಡಿಯೋದಕ್ಕೋ, ಉಳಿಸೋದಕ್ಕೋ? ಇನ್ನೊಂದು ಸಲ ಹೇಳ್ತೀರಾ?"

"ಅದು ನಾನು ಕಟ್ಟಿದ್ದಲ್ಲಮ್ಮ. ನಮ್ಮನೆಯವಳು ಕಟ್ಟಿದ್ದು. ಅವತ್ತೇ ಹೇಳಿದ್ನಲ್ಲ."

"ಏನಂತ ಹೇಳಿದ್ರಿ?"

"ಅರ್ಧ ಮರ ತೆಗೆಸ್ಬೇಕು ಅಂತ ಅವಳೇ ಅಂತಿದ್ಲು. ಒಂದಿನ ಕೂತು ಬಟ್ಟೆ ಕಟ್ಟಿದ್ಲು. ಯಾವುದನ್ನ ಅಂತ ಕೇಳಬೇಕು, ಕೇಳಬೇಕು ಅಂತ ಇದ್ದೆ, ಅಷ್ಟರಲ್ಲಿ ಹಾಸಿಗೆ ಹಿಡಿದ್ಲು, ಮತ್ತೆ ಏಳಲೇ ಇಲ್ಲ. ಆ ಗಲಾಟೆಯಲ್ಲಿ ಮರದ ಮಾತು ಯಾರಿಗೆ ನೆನಪು? ಅದಕ್ಕೇ ನಿಮ್ಮನ್ನ ಕೇಳಿದ್ದು. ನೀವು ಹೆಂಗಸರು, ಓದಿದೋರು. ನೋಡ್ತಾ ನೋಡ್ತಾ ಅವಳ ಲೆಕ್ಕಾಚಾರ ನಿಮಗೆ ಹೊಳೆದ್ರೆ ನನಗೊಂದು ಮಾತು ತಿಳಿಸಿ ಅಂದೆ. ಆಗಲಿ ಅಂತ ತಲೆ ಆಡಿಸಿದ್ರಿ. ಹೊಳೀತೇನಮ್ಮ?"

ಅವರು ಕಾಯುತ್ತಿದ್ದರು. ಫೋನಿನ ಆಚೆ ಯಾರೋ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

"ಇನ್ನೂ ಇಲ್ಲ" ಎಂದಳು ಅತ್ತಿಗೆ. "ತಿಳಿದ್ರೆ ಖಂಡಿತ ಹೇಳ್ತೀನಿ."

ತಿರುಗಿ ನೋಡಿದರೆ ನಾದಿನಿ ಕೈಯಲ್ಲಿ ಇಕ್ಕಳ ಹಿಡಿದು ಗೋಡೆಯ ಮೂಲೆಯಲ್ಲಿ ನಿಂತಿದ್ದಳು.

"ಬರೆದಿಲ್ವಾ?"

"ಬರೆದಿಲ್ಲ."

"ನೀವು?"

"ನಾನೇ." ಅತ್ತಿಗೆ ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಅವರು ಬಟ್ಟೆ ವಿಷಯ ಹೇಳೋವಾಗ ನಾನು ಕೇಳಿಸ್ಕೊಳ್ಳಲೇ ಇಲ್ಲ ಪುಟ್ಟಿ. ನೀನು ಅಲ್ಲಿ ಜಗಲಿ ಹತ್ರ ನಿಂತಿದ್ದೆ. ಗೋಡೆ ಗಾರೆನ ಉಗುರಿನಿಂದ ಕೆರೀತಿದ್ದೆ. ನಾನು ನಿನ್ನ ಮುಖ ನೋಡ್ತಿದ್ದೆ. ನಿನಗೆ ಮನೆ ಹಿಡಿಸಿಲ್ಲ ಅಂತ ಒಂಚೂರು ಕಂಡಿದ್ರೂ ಬೇಡ ಅಂದುಬಿಡೋಣ ಅಂತ."

"ಏನು ಕಾಣಿಸ್ತು?"

"ಏನೂ ತಿಳೀಲಿಲ್ಲ."

"ನನಗೇ ತಿಳಿದಿರ್ಲಿಲ್ಲ, ನಿಮಗೆಲ್ಲಿ ತಿಳಿಯುತ್ತೆ?" ನಾದಿನಿ ಇಕ್ಕಳದ ಬಾಯಿ ತೆರೆದಳು, ಮುಚ್ಚಿದಳು. "ನಾನು ನಿಮ್ಮನ್ನ ನೋಡ್ತಿದ್ದೆ. ನೀವು ಆ ಅಜ್ಜನ ಮಾತಿಗೆ ಜೋರಾಗಿ ತಲೆ ಆಡಿಸಿದ್ರಿ. ಸರಿ, ಅತ್ತಿಗೆ ತೀರ್ಮಾನ ಮಾಡಿದ್ರು ಅಂತ ನಾನೂ ಹ್ಞೂ ಅಂದೆ."

ಗೂಡಿನೊಳಗೆ ಒಂದು ಕೋಳಿ ಏನೋ ದೊಡ್ಡದು ಸಾಧಿಸಿದಂತೆ ಕೂಗಿತು. ಮೊಟ್ಟೆ ಇಟ್ಟಿರಲಿಕ್ಕಿಲ್ಲ, ಈ ಚಳಿಯಲ್ಲಿ ಅದು ಬರೀ ಕೂಗುವುದನ್ನೇ ಅಭ್ಯಾಸ ಮಾಡಿಕೊಂಡಿತ್ತು.

"ಅಣ್ಣ ಇದ್ದಿದ್ರೆ," ಎಂದಳು ನಾದಿನಿ, "ಎರಡನ್ನೂ ಕಡಿದು ನೋಡಿ, ಯಾವುದು ಸರಿ ಅಂತ ಗೊತ್ತಾಗುತ್ತೆ ಅಂತಿದ್ದ."

ಅತ್ತಿಗೆಗೆ ನಗು ಬಂತು, ಜೊತೆಗೆ ಕಣ್ಣೂ ಮಂಜಾಯಿತು. ಚಳಿಗಾಳಿಯೇ ಇರಬೇಕು ಎಂದುಕೊಂಡು ಸೆರಗಿನಿಂದ ಒರೆಸಿಕೊಂಡಳು.

ಗರಗಸದವನ ಮುಂದೆ ಹೋಗಿ, "ನನಗೆ ಗೊತ್ತಿಲ್ಲಪ್ಪ" ಎಂದಳು. ಆ ಮಾತನ್ನು ಅವಳು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಹೇಳಿದ ಮೇಲೆ ಏನಾಗುತ್ತದೆಂದು ಕಾದಳು. ಅವನು ತಲೆ ಕೆರೆದುಕೊಂಡ. "ಗೊತ್ತಿಲ್ಲ ಅಂದೋರ ಮರ ನಾನು ಮುಟ್ಟಲ್ಲ" ಎಂದು, ಗಾಳಿಗೆ ಮುರಿದು ನೇತಾಡುತ್ತಿದ್ದ ಎರಡು ಕೊಂಬೆಗಳನ್ನು ಮಾತ್ರ ಇಳಿಸಿ, ಒಲೆಗೆ ಬರುವ ಹಾಗೆ ತುಂಡು ಮಾಡಿಕೊಟ್ಟು, ಗರಗಸ ಹೆಗಲಿಗೇರಿಸಿ ಹೊರಟ. "ಈ ವರ್ಷ ಕಾಯಿ ಬರೋದು ಡೌಟು. ಆದ್ರೆ ಯಾವುದರಲ್ಲಿ ಎಷ್ಟು ಹೂವು ಅಂತಾದ್ರೂ ನೋಡ್ಕೊಳ್ಳಿ" ಎಂದು ಗೇಟಿನ ಬಳಿಯಿಂದ ಹೇಳಿದ.

ನಾದಿನಿ ಆಗಲೇ ಒಂದು ಮರದ ಎದುರು ಬಾಗಿ ಬಟ್ಟೆಯ ಪಟ್ಟಿಯನ್ನು ನೋಡುತ್ತಿದ್ದಳು. ಬಟ್ಟೆ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

"ದಿಂಬಿನ ಚೀಲ ಹರಿದಿರೋದು. ನೋಡಿ, ಅಂಚು ಬಿಚ್ಚದ ಹಾಗೆ ಕೈಹೊಲಿಗೆ ಹಾಕಿದ್ದಾಳೆ ಪುಣ್ಯಾತ್ಗಿತ್ತಿ. ಮರಕ್ಕೆ ಕಟ್ಟೋ ಚಿಂದಿಗೆ." ಅವಳು ಬೆರಳು ತೂರಿಸಲು ನೋಡಿದಳು, ಹೋಗಲಿಲ್ಲ. "ಕಟ್ಟಿದ ಮೇಲೆ ಮರ ದಪ್ಪ ಆಗಿದೆ ಅತ್ತಿಗೆ. ಕತ್ತು ಹಿಸುಕ್ತಾ ಇದೆ."

ತೊಗಟೆ ಬಟ್ಟೆಯ ಎರಡೂ ಬದಿಗೆ ಉಬ್ಬಿ ನಿಂತಿತ್ತು. ನಾದಿನಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಸಣ್ಣ ಕತ್ತರಿ ತೆಗೆದಳು.

"ಕತ್ತರಿಸ್ಬೇಡ. ಗುರುತು ಹೋಗುತ್ತೆ."

"ಯಾವುದರ ಗುರುತು?"

ಅತ್ತಿಗೆ ತುರುಬಿನ ಪಿನ್ನು ತೆಗೆದು ಗಂಟಿನೊಳಗೆ ತೂರಿಸಿ, ತೇವಕ್ಕೆ ಕಲ್ಲಾಗಿದ್ದ ಎಳೆಗಳನ್ನು ಒಂದೊಂದಾಗಿ ಸಡಿಲಿಸತೊಡಗಿದಳು. ಬಟ್ಟೆ ಬಿಟ್ಟ ಜಾಗದಲ್ಲಿ ತೊಗಟೆ ಬೆಳ್ಳಗೆ, ಉಂಗುರ ತೆಗೆದ ಬೆರಳಿನ ಹಾಗಿತ್ತು. ಎರಡನೆಯ ಮರಕ್ಕೆ ಅರ್ಧ ಗಂಟೆ ಹಿಡಿಯಿತು. ಐದನೆಯದರ ಹೊತ್ತಿಗೆ ಇಬ್ಬರ ಕೈಗಳೂ ಒಂದಕ್ಕೊಂದು ಹೊಂದಿಕೊಂಡಿದ್ದವು: ಒಬ್ಬಳು ಬಿಚ್ಚುವುದು, ಒಬ್ಬಳು ಅದೇ ಪಟ್ಟಿಯನ್ನು ಅದೇ ಮರಕ್ಕೆ ಮತ್ತೆ ಸಡಿಲವಾಗಿ ಸುತ್ತುವುದು. ಚಿಂದಿಯಾಗಿದ್ದ ಕಡೆ ನಾದಿನಿ ತನ್ನ ಹಳೆಯ ದುಪಟ್ಟಾದ ತುಂಡು ಸೇರಿಸಿ ಉದ್ದ ಮಾಡಿದಳು.

ಒಂಬತ್ತನೆಯ ಮರದ ಹತ್ತಿರ ಬಿಸಿಲು ಗೋಡೆಯಾಚೆ ಇಳಿಯಿತು. ಅತ್ತಿಗೆ ಕಾಂಡದ ಮೇಲೆ ಬೆರಳಿಟ್ಟಳು. ನಾದಿನಿ ಅದರ ಮೇಲಿಂದ ಬಟ್ಟೆ ತಂದು ಗಂಟು ಹಾಕಿದಳು.

"ಬೆರಳು ತೆಗೀರಿ ಅತ್ತಿಗೆ. ಸಾಕು ಸಡಿಲ."

"ತಡಿ," ಎಂದಳು ಅತ್ತಿಗೆ. ತಣ್ಣನೆಯ ತೊಗಟೆಗೂ ಬಟ್ಟೆಗೂ ನಡುವೆ ಅವಳ ಬೆರಳು ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು.