ಎದುರು ಗೋಡೆಯ ಬಣ್ಣ

ನಮ್ಮ ನಡುಮನೆಯ ನಟ್ಟನಡುವೆ ನನ್ನ ಬೆತ್ತದ ಕುರ್ಚಿ ಇದೆ. ಅದನ್ನು ಅಲ್ಲಿ ಹಾಕಿಸಿದ್ದು ನಾನೇ. ಬಲಗಡೆ ಗೋಡೆಗೆ ಒರಗಿಸಿದ ಸೋಫಾ ದೊಡ್ಡ ಮಗನ ಸಂಸಾರದ್ದು, ಎಡಗಡೆ ಗೋಡೆಗೆ ಒರಗಿಸಿದ್ದು ಚಿಕ್ಕವನದು. ಬಲಗಡೆಯ ಬಾಗಿಲ ಹಿಂದೆ ಒಂದು ಅಡುಗೆಮನೆ, ಎಡಗಡೆಯ ಬಾಗಿಲ ಹಿಂದೆ ಇನ್ನೊಂದು. ಒಲೆ ಬೇರೆಯಾಗಿ ಕೆಲವು ವರ್ಷವೇ ಆಯಿತು. ಕಾರಣ ದೊಡ್ಡದೇನಲ್ಲ, ಉಪ್ಪು. ಒಬ್ಬ ಸೊಸೆಗೆ ಹದವಾದದ್ದು ಇನ್ನೊಬ್ಬಳಿಗೆ ಸಪ್ಪೆ. ಅಂದೇ ನಾನು ಹೇಳಿಬಿಟ್ಟಿದ್ದೆ, ಒಲೆ ಎರಡಾದರೆ ಆಗಲಿ, ನಡುಮನೆ ಮಾತ್ರ ಒಂದೇ ಇರಬೇಕು ಎಂದು. ಬೆಳಿಗ್ಗೆ ಒಬ್ಬಳ ಟೀ, ಸಂಜೆ ಇನ್ನೊಬ್ಬಳ ಟೀ ಕುಡಿದು, ಎರಡೂ ಚೆನ್ನಾಗಿಲ್ಲವೆಂದು ಇಬ್ಬರಿಗೂ ಹೇಳುವುದರಲ್ಲಿ ಒಂದು ಸುಖವಿದೆ. ಅತ್ತೆಯಾದವಳಿಗೆ ಈ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚೇನು ಬೇಕು?

ಹೀಗಿರುವಾಗ ಒಂದು ದಿನ ಮಾಡಿನ ಹಳೆಯ ಸುಣ್ಣ ಚಕ್ಕೆಯೆದ್ದು ಬಂದು ನೇರವಾಗಿ ನನ್ನ ಟೀ ಲೋಟಕ್ಕೆ ಬಿತ್ತು. ಮನೆಗೆ ಬಣ್ಣ ಹೊಡೆಸಬೇಕು ಎಂದು ಎಲ್ಲರೂ ಒಪ್ಪಿದರು. ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತು ಅದೇ ಕೊನೆಯದು.

ದೊಡ್ಡ ಸೊಸೆ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಕಿಟಕಿಯಿಲ್ಲದ ಕೋಣೆ, ದಿನವಿಡೀ ಅರೆಗತ್ತಲೆ, ನೋಡುವುದು ಜನರ ಮೂಳೆ. ಚಿಕ್ಕ ಸೊಸೆ ಬ್ರೆಡ್ಡಿನ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವಳು. ಸಂಜೆ ಬರುವಾಗ ಅವಳ ಮುಖ ಕೆಂಪಗೆ ಕಾದಿರುತ್ತದೆ, ಮೊಣಕೈಗೆ ಹಿಟ್ಟು ಮೆತ್ತಿರುತ್ತದೆ. ಇಬ್ಬರೂ ಬಣ್ಣದ ಪುಸ್ತಕ ಮುಂದಿಟ್ಟುಕೊಂಡು ಕೂತರು. ಉಗುರಿನಷ್ಟಗಲದ ಚೌಕಗಳನ್ನು ನೋಡಿ ಇಡೀ ಮನೆಯನ್ನು ಊಹಿಸಿಕೊಳ್ಳಬೇಕಂತೆ.

"ಹಳದಿ ಹೊಡೆಸೋಣ," ಎಂದಳು ದೊಡ್ಡವಳು. "ಇಡೀ ದಿನ ಕತ್ತಲಲ್ಲಿ ಇದ್ದು ಬರ್ತೀನಿ. ಮನೆಗೆ ಬಂದಾಗ ಬಿಸಿಲು ಕಂಡ ಹಾಗಿರಬೇಕು."

"ಬಿಸಿಲಾ? ಅಕ್ಕ, ನಾನು ಇಡೀ ದಿನ ಬೆಂಕಿ ಬಾಯಲ್ಲಿ ತಲೆ ಇಟ್ಕೊಂಡು ಬರ್ತೀನಿ. ಮನೇಲೂ ಅದೇ ಉರಿ ಬೇಕಾ? ನನಗೆ ನೀಲಿ ಬೇಕು. ನೀರಿಗೆ ಇಳಿದ ಹಾಗಿರಬೇಕು."

"ನೀಲಿ ನಮ್ಮ ಆಸ್ಪತ್ರೆ ಗೋಡೆಗಿದೆ. ಮನೇಲೂ ರೋಗಿಗಳ ಥರ ಸಾಲಾಗಿ ಕೂತ್ಕೊಳ್ಳೋಣ್ವಾ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗಾಯಿತು. ನಾನು ನಡುವೆ ಬಾಯಿ ಹಾಕಿ, "ಬೂದಿ ಬಣ್ಣ ಹೊಡೆಸಿ, ಕೊಳೆ ಕಾಣಲ್ಲ," ಎಂದೆ. "ಬೇಡ ಅತ್ತೆ!" ಎಂದು ಇಬ್ಬರೂ ಒಂದೇ ಉಸಿರಿಗೆ ಕೂಗಿದರು. ನನ್ನ ರುಚಿಯ ವಿಷಯ ಬಂದಾಗ ಮಾತ್ರ ಈ ಮನೆಯಲ್ಲಿ ಒಗ್ಗಟ್ಟು.

ನನ್ನ ಗಂಡುಮಕ್ಕಳಿಬ್ಬರೂ ಹೊರಗೆ ಹುಲಿ, ಮನೆಯಲ್ಲಿ ಇಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ದೊಡ್ಡವನು ಒಂದು ಉಪಾಯ ಹೇಳಿದ. ಬಲಗಡೆಯ ಅರ್ಧ ಹಳದಿ, ಎಡಗಡೆಯ ಅರ್ಧ ನೀಲಿ. ಚಿಕ್ಕವನು ಚಪ್ಪಾಳೆಯೊಂದು ತಟ್ಟಲಿಲ್ಲ ಅಷ್ಟೇ.

ಬಣ್ಣ ಬಳಿಯಲು ಬಂದವನ ನಿಜವಾದ ಹೆಸರು ನನಗೆ ಗೊತ್ತಿಲ್ಲ. ಏನು ಹೇಳಿದರೂ "ಆಯ್ತಮ್ಮ" ಎನ್ನುತ್ತಾನೆ, ಅದಕ್ಕೆ ನಾನು ಅವನನ್ನು ಆಯ್ತಪ್ಪ ಎಂದೇ ಕರೆಯುವುದು. ಗೋಡೆ ಹಳದಿ ಮಾಡು ಎಂದರೆ ಆಯ್ತಮ್ಮ. ನೀಲಿ ಮಾಡು ಎಂದರೆ ಆಯ್ತಮ್ಮ. ಬಣ್ಣ ಬಿಟ್ಟು ಬಾವಿಗೆ ಬೀಳು ಎಂದರೂ ರೋಲರ್ ತೊಳೆದಿಟ್ಟು ಹೋಗಿ ಬೀಳುವವನೇ. ಮುಂದಿನ ಮತ್ತು ಹಿಂದಿನ ಗೋಡೆಗಳ ನಟ್ಟನಡುವೆ ನೂಲು ಹಿಡಿದು ಗೆರೆ ಹಾಕಿ, ಒಂದು ಹನಿ ಆಚೀಚೆ ಆಗದಂತೆ ಅರ್ಧ ಬಿಸಿಲು, ಅರ್ಧ ನೀರು ಬಳಿದು ಹೋದ.

ಒಂದು ಸಣ್ಣ ಸಂಗತಿ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಸೋಫಾ ಒರಗಿರುವುದು ಗೋಡೆಗೆ. ಕೂತವರ ಬೆನ್ನ ಹಿಂದೆ ಅವರ ಗೋಡೆ, ಕಣ್ಣ ಮುಂದೆ ಇನ್ನೊಬ್ಬರದು. ದೊಡ್ಡವಳು ಕತ್ತಲೆ ಕೋಣೆಯಿಂದ ಬಂದು ಉಸ್ಸೆಂದು ಕೂತರೆ ಎದುರಿಗೆ ಆಸ್ಪತ್ರೆ. ಚಿಕ್ಕವಳು ಬೇಕರಿಯಿಂದ ಬಂದು ಕೂತರೆ ಎದುರಿಗೆ ಉರಿಯುವ ಒಲೆ. ಅಷ್ಟು ಆಸೆಪಟ್ಟು ಆರಿಸಿದ ಬಣ್ಣವನ್ನು ನೋಡುವ ಭಾಗ್ಯ ಇಬ್ಬರ ಬೆನ್ನಿಗೆ ಮಾತ್ರ.

ದೊಡ್ಡವಳು ಸೋಫಾವನ್ನು ತಿರುಗಿಸಿ ತನ್ನ ಗೋಡೆಗೆ ಮುಖಮಾಡಿ ಕೂತಳು. ಮರುದಿನ ಚಿಕ್ಕವಳೂ ತಿರುಗಿಸಿದಳು. ಮೇಷ್ಟ್ರು ಶಿಕ್ಷೆ ಕೊಟ್ಟು ಗೋಡೆಗೆ ಮುಖ ಮಾಡಿಸಿದ ಮಕ್ಕಳ ಹಾಗೆ ನನ್ನ ಇಡೀ ಸಂಸಾರ ಕೂತಿತ್ತು. ನಡುವೆ ನಾನು. ಎತ್ತ ನೋಡಿದರೂ ಹಿಂದಲೆ. ಟೀ ಚೆನ್ನಾಗಿಲ್ಲವೆಂದು ಹೇಳೋಣವೆಂದರೆ ಎದುರಿಗೆ ಒಂದು ಮುಖವಿಲ್ಲ. ನನಗೆ ನಿಜವಾಗಿ ದುಃಖವಾಯಿತು.

ಗೋಡೆಯ ಮಾತು ಯಾರು ಮೊದಲು ತೆಗೆದರೋ ಕಾಣೆ. ಹಿಂದಲೆಗಳು ಮಾತಾಡಿದರೆ ಯಾರದು ಎಂದು ಹೇಳುವುದು ಕಷ್ಟ. "ನಡುವೆ ಒಂದು ಗೋಡೆ ಎಬ್ಬಿಸಿಬಿಟ್ರೆ ಅವರವರ ಬಣ್ಣ ಅವರವರಿಗೆ," ಎಂಬ ಮಾತು ಕೇಳಿಸಿತು. ಯಾರೂ ಬೇಡವೆನ್ನಲಿಲ್ಲ. ಮಾರನೆಯ ದಿನವೇ ಗೋಡೆ ಕಟ್ಟುವ ಮೇಸ್ತ್ರಿ ಬಂದ. ಅಳತೆಗೆಂದು ಸೋಫಾಗಳನ್ನು ತಿರುಗಿಸಿ ಮತ್ತೆ ಗೋಡೆಗೆ ಒರಗಿಸಿ, ಟೇಪು ಹಿಡಿದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಬಂದವನು ನನ್ನ ಕುರ್ಚಿಯ ಕಾಲಿನ ಹತ್ತಿರ ನಿಂತ.

"ಅಜ್ಜಿ ಕುರ್ಚಿ ಯಾವ ಕಡೆ ಬರುತ್ತೆ?"

ದೊಡ್ಡವಳು ನನ್ನ ಕಾಲಿಗೆ ಎಣ್ಣೆ ತಿಕ್ಕಿದವಳು. ಚಿಕ್ಕವಳು ಬೇಕರಿಯಿಂದ ಬರುವಾಗ ನನ್ನ ಬೊಚ್ಚುಬಾಯಿಗೆಂದು ಮೆತ್ತನೆಯ ಬ್ರೆಡ್ಡನ್ನೇ ಆರಿಸಿ ತರುವವಳು. ಬಲಗಡೆ ಎಂದರೆ ಒಬ್ಬಳನ್ನು ಕಳೆದುಕೊಂಡೆ, ಎಡಗಡೆ ಎಂದರೆ ಇನ್ನೊಬ್ಬಳನ್ನು. ನನಗೆ ಅಳು ಬಂತು. ಅಳು ಬಂದಾಗ ನನಗೆ ಮೊದಲು ಸಿಟ್ಟು ಬರುವುದು.

"ಕುರ್ಚಿ ಯಾಕೆ ಕೇಳ್ತೀಯ? ಗರಗಸ ತಗೊಂಬಾ. ನನ್ನನ್ನೇ ಎರಡು ತುಂಡು ಮಾಡು. ತಲೆ ಒಂದು ಕಡೆಗಿಡು, ಕಾಲು ಒಂದು ಕಡೆಗಿಡು!"

"ತಲೆ ಅಣ್ಣನ ಕಡೆಗೇ ಇರಲಿ," ಎಂದು ಚಿಕ್ಕ ಮಗ ಗೊಣಗಿದ. "ಬಾಯಿ ಅದರ ಜೊತೆಗೇ ಹೋಗುತ್ತಲ್ಲ."

ಯಾರೂ ನಗಲಿಲ್ಲ. ಸೊಸೆಯರಿಬ್ಬರೂ ನೆಲದ ಗೆರೆ ನೋಡುತ್ತ ನಿಂತಿದ್ದರು. ಇಟ್ಟಿಗೆ ತಂದ ಮೇಲೆ ನೋಡೋಣ ಎಂದು ಮೇಸ್ತ್ರಿ ಜಾಗ ಖಾಲಿ ಮಾಡಿದ.

ಅವನು ಇಟ್ಟಿಗೆ ತರಬೇಕಾಗಿದ್ದ ದಿನ ಬೆಳಿಗ್ಗೆ ಆಯ್ತಪ್ಪ ಹಾಜರಾದ. ಬಾಗಿಲು, ಕಿಟಕಿಗಳ ಕೆಲಸ ಉಳಿದಿತ್ತು. ಮನೆಯಲ್ಲಿ ನಾನೊಬ್ಬಳೇ. ಅವನು ಬಾಗಿಲು ಮುಟ್ಟಲೇ ಇಲ್ಲ. ನನ್ನ ಕುರ್ಚಿಯನ್ನು ಮೂಲೆಗೆ ಸರಿಸಿ, ಸೋಫಾಗಳನ್ನು ಗೋಡೆಯಿಂದ ತುಸು ಮುಂದೆಳೆದು, ನೆಲಕ್ಕೆಲ್ಲ ಹಳೆಯ ಪೇಪರು ಹಾಸಿ, ಮೆಟ್ಟಿಲ ಕೆಳಗಿದ್ದ ಡಬ್ಬಗಳಲ್ಲಿ ನೀಲಿಯದನ್ನು ತಂದು, ದೊಡ್ಡವಳ ಹಳದಿ ಗೋಡೆಯ ಮೇಲೆ ಉದ್ದಕ್ಕೆ ಎಳೆದೇಬಿಟ್ಟ.

"ಏಯ್! ಅದು ದೊಡ್ಡವಳ ಗೋಡೆ ಕಣೋ! ಕಣ್ಣು ಹೋಗಿದ್ಯಾ?"

"ದೊಡ್ಡಮ್ಮನೇ ಹೇಳಿದ್ದು. ಈಗ ಬರುವಾಗ ಗೇಟ್ ಹತ್ತಿರ ನಿಲ್ಲಿಸಿ ಹೇಳಿದ್ರು. ನನ್ನ ಕಡೆನೂ ನೀಲಿ ಮಾಡಿಬಿಡು, ಎಲ್ಲ ಒಂದೇ ಬಣ್ಣ ಆದ್ರೆ ನಡುವೆ ಗೋಡೆ ಬೇಕಾಗಲ್ಲ, ಅತ್ತೆ ಕುರ್ಚಿ ಅಲ್ಲೇ ಇರುತ್ತೆ ಅಂದ್ರು. ಯಾರಿಗೂ ಹೇಳ್ಬೇಡ ಅಂತಾನೂ ಅಂದ್ರು."

"ಮತ್ತೆ ನನಗೆ ಹೇಳ್ತಿದೀಯಲ್ಲೋ?"

"ನೀವು ಕೇಳಿದ್ರಲ್ಲಮ್ಮ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಸೊಸೆ ಎಂದರೆ ಹೀಗಿರಬೇಕು. ಹಳದಿಯ ಮೇಲೆ ಮೊದಲ ಕೋಟು ಬಿದ್ದಾಗ ಗೋಡೆ ಗಿಣಿಯ ಬಣ್ಣಕ್ಕೆ ತಿರುಗಿತ್ತು. ಎರಡನೆಯ ಕೋಟಿಗೆ ತಣ್ಣನೆಯ ನೀಲಿಯಾಯಿತು. ಊಟ ಮಾಡಿ ಒಂದು ಸಣ್ಣ ನಿದ್ದೆ ತೆಗೆದು ಬಂದು ನೋಡುತ್ತೇನೆ, ಆಯ್ತಪ್ಪ ಎಡಗಡೆಯ ನೀಲಿ ಗೋಡೆಯ ಮುಂದೆ ಹಳದಿ ಡಬ್ಬ ಬಿಚ್ಚಿಟ್ಟುಕೊಂಡು ನಿಂತಿದ್ದಾನೆ. ಗೋಡೆಯ ಮೇಲೆ ಆಗಲೇ ಎರಡು ಕೋಟಿನ ಒಂದು ಅಗಲವಾದ ಹಳದಿ ಪಟ್ಟೆ ಬಿದ್ದಿದೆ.

"ಅಯ್ಯೋ, ಇದ್ಯಾಕೋ?"

"ಚಿಕ್ಕಮ್ಮ ಹೇಳಿದ್ರು. ಅವರೂ ಗೇಟ್ ಹತ್ತಿರಾನೇ. ದೊಡ್ಡಮ್ಮ ಬಸ್ಸು ಹತ್ತಿದ ಮೇಲೆ. ನನ್ನ ಕಡೆನೂ ಹಳದಿ ಮಾಡಿಬಿಡು, ಯಾರಿಗೂ ಹೇಳ್ಬೇಡ ಅಂದ್ರು."

"ಒಬ್ಬಳು ನೀಲಿ ಅಂದ್ಳು, ಇನ್ನೊಬ್ಬಳು ಹಳದಿ ಅಂದ್ಳು. ಎರಡನ್ನೂ ಸೇರಿಸಿ ನೋಡೋಷ್ಟು ಬುದ್ಧಿ ಬೇಡ್ವಾ ನಿನಗೆ?"

"ಒಬ್ಬರ ಮಾತು ಇನ್ನೊಬ್ಬರಿಗೆ ಹೇಳೋ ಅಭ್ಯಾಸ ನನಗಿಲ್ಲಮ್ಮ. ಅದಕ್ಕೇ ಎಲ್ಲ ಮನೆಯವರೂ ನನ್ನ ಒಳಗೆ ಬಿಡೋದು."

"ನಿಲ್ಲಿಸು ಅಂದೆ!"

"ಆಯ್ತಮ್ಮ," ಎಂದು ರೋಲರನ್ನು ಗಾಳಿಯಲ್ಲೇ ಹಿಡಿದು ನಿಂತ.

ಇಷ್ಟೆಲ್ಲ ತ್ಯಾಗ ಮಾಡಿ ಮತ್ತೆ ಅದೇ ಎರಡು ಬಣ್ಣ! ಕೂರೋಣವೆಂದರೆ ಕುರ್ಚಿ ಮೂಲೆಯಲ್ಲಿ ಡಬ್ಬಗಳ ಹಿಂದೆ. ಪೇಪರಿನ ಮೇಲೆ ಹೆಜ್ಜೆ ಇಡುತ್ತ ಹೋಗಿ ದೊಡ್ಡವಳ ಸೋಫಾದ ಮೇಲೆ ಧೊಪ್ಪೆಂದು ಕೂತೆ. ಅಲ್ಲಿ ನಾನು ಎಂದೂ ಕೂತವಳಲ್ಲ. ಬೆನ್ನ ಹಿಂದೆ ಹಸಿ ನೀಲಿಯ ವಾಸನೆ. ಎದುರಿಗೆ ಆ ಹಳದಿ ಪಟ್ಟೆ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಆ ಜಾಗ ಮಾತ್ರ ಬೆಳಗುತ್ತಿತ್ತು. ಬಿಸಿಲು ಕಂಡ ಹಾಗಿರಬೇಕು ಎಂದಿದ್ದಳಲ್ಲ ದೊಡ್ಡವಳು.

ಎದ್ದೆ. ಚಿಕ್ಕವಳ ಸೋಫಾಕ್ಕೆ ಹೋಗಿ ಕೂತೆ. ಎದುರಿಗೆ ನೀಲಿ. ಕಣ್ಣಿಗೆ ನೀರು ಚಿಮುಕಿಸಿಕೊಂಡ ಹಾಗಿತ್ತು.

ಮನೆಯೆಲ್ಲ ನೀಲಿಯಾದರೆ ದೊಡ್ಡವಳು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ದಿನಾ ಸಂಜೆ ಆಸ್ಪತ್ರೆಗೇ ವಾಪಸು ಬಂದು ಕೂರುತ್ತಾಳೆ. ಹಳದಿಯಾದರೆ ಚಿಕ್ಕವಳ ಗತಿ ಅದೇ. ಸೋತವಳು ಸುಮ್ಮನಿದ್ದಾಳೆಂದು ನಾನು ಸುಖವಾಗಿರಲಾರೆ, ಅವರ ಮುಖ ನೋಡುತ್ತ ಕೂರುವವಳು ನಾನೇ ತಾನೆ.

"ಬಳಿಯೋ," ಎಂದೆ.

"ಆಯ್ತಮ್ಮ."

ಸಂಜೆ ದೊಡ್ಡವಳು ಮೊದಲು ಬಂದಳು. ತನ್ನ ಗೋಡೆ ನೀಲಿಯಾಗಿದ್ದು ನೋಡಿ ತೃಪ್ತಿಯಿಂದ ತಲೆಯಾಡಿಸಿದಳು. ಆಮೇಲೆ ಎಡಕ್ಕೆ ತಿರುಗಿದಳು. ಅವಳ ಚೀಲ ಕೈಯಿಂದ ಜಾರಿ ಬಿತ್ತು. ಅಷ್ಟರಲ್ಲಿ ಚಿಕ್ಕವಳೂ ಬಾಗಿಲಿಗೆ ಬಂದು, ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು. ಇನ್ನೇನು ಇಬ್ಬರೂ ತಬ್ಬಿಕೊಂಡು ಅಳುತ್ತಾರೆ ಎಂದು ನಾನು ಕಾದೆ. ನನ್ನ ಸೊಸೆಯರನ್ನು ನಾನೇ ಸರಿಯಾಗಿ ತಿಳಿದಿರಲಿಲ್ಲ.

"ನಿನಗೆ ಯಾರು ಹೇಳಿದ್ರು ನೀಲಿ ಬಿಡು ಅಂತ?" ದೊಡ್ಡವಳು ಅಬ್ಬರಿಸಿದಳು.

"ನಿಮಗ್ಯಾರು ಹೇಳಿದ್ರು ಹಳದಿ ಬಿಡಿ ಅಂತ?"

"ನಾನು ದೊಡ್ಡವಳು, ನಾನು ಬಿಡ್ಬೇಕು."

"ಯಾವಾಗ್ಲೂ ನೀವೇ ಒಳ್ಳೆಯವರಾಗ್ಬೇಕಾ ಅಕ್ಕ? ನಾಳೇನೇ ನಿಮ್ಮ ಗೋಡೆಗೆ ಹಳದಿ ಹೊಡೆಸ್ತೀನಿ!"

"ಮುಟ್ಟಿ ನೋಡು ನನ್ನ ಗೋಡೆ!"

ಉಪ್ಪಿನ ದಿನವೂ ಇಂಥ ಜಗಳ ಆಗಿರಲಿಲ್ಲ. ಆಯ್ತಪ್ಪ ಮಾತ್ರ ಎರಡೂ ಕಡೆಗೆ ಆಯ್ತಮ್ಮ, ಆಯ್ತಮ್ಮ ಎನ್ನುತ್ತಿದ್ದ. ನಾನು ನನ್ನ ಊರುಗೋಲಿನಿಂದ ನೆಲ ಕುಟ್ಟಿದೆ.

"ಬಾಯಿ ಮುಚ್ಚಿ, ಇಬ್ಬರೂ ಕೂತ್ಕೊಳ್ಳಿ. ಅವರವರ ಜಾಗದಲ್ಲಿ. ಕೂತು ಕಣ್ಣು ಬಿಟ್ಟು ನೋಡಿ."

ದುಸುದುಸು ಎನ್ನುತ್ತಲೇ ಕೂತರು. ಮೊದಲು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಆಮೇಲೆ ದೊಡ್ಡವಳ ನೋಟ ಚಿಕ್ಕವಳ ತಲೆಯ ಮೇಲಕ್ಕೆ ಸರಿದು ಹಳದಿಯ ಮೇಲೆ ನಿಂತಿತು. ಚಿಕ್ಕವಳ ನೋಟ ನೀಲಿಯ ಮೇಲೆ. ದೊಡ್ಡವಳ ಹುಬ್ಬಿನ ಗಂಟು ಸಡಿಲವಾಯಿತು. ಚಿಕ್ಕವಳು ಉದ್ದಕ್ಕೆ ಉಸಿರುಬಿಟ್ಟು ಕಾಲು ಚಾಚಿದಳು.

ಆ ಹೊತ್ತಿಗೆ ಸರಿಯಾಗಿ ಮೇಸ್ತ್ರಿ ಬಂದ. ಹೊರಗೆ ಇಟ್ಟಿಗೆಯ ಗಾಡಿ ನಿಂತಿತ್ತು.

"ಗೋಡೆ ಕೆಲಸ ಯಾವ ಕಡೆಯಿಂದ ಶುರು ಮಾಡ್ಲಿ?"

ಮನೆಗೆ ಕಳ್ಳ ನುಗ್ಗಿದ ಹಾಗೆ ಇಬ್ಬರೂ ಅವನನ್ನು ನೋಡಿದರು.

"ನಡುವೆ ಗೋಡೆ ಬಂದ್ರೆ ನನ್ನ ಹಳದಿ ನನಗೆ ಕಾಣುತ್ತೇನ್ರೀ?" ಎಂದಳು ದೊಡ್ಡವಳು.

"ನನ್ನ ನೀಲಿ?" ಎಂದಳು ಚಿಕ್ಕವಳು.

ಪಾಪ, ಮೇಸ್ತ್ರಿಗೆ ತಲೆಬುಡ ತಿಳಿಯಲಿಲ್ಲ. ಎಡಗಡೆ ಹಳದಿ, ಬಲಗಡೆ ನೀಲಿ, ಹಿಂದೆ ಬಂದಾಗ ಹೇಗಿತ್ತೆಂದು ನೆನಪಿಸಿಕೊಳ್ಳುತ್ತ ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿದ.

"ಅಜ್ಜಿ, ಕೊನೆಗೆ ನಿಮ್ಮ ಕುರ್ಚಿ ಯಾವ ಕಡೆ?"

ನಾನು ಮೂಲೆಯಿಂದ ಕುರ್ಚಿಯನ್ನು ದರದರನೆ ಎಳೆದು ತಂದೆ. ಪೇಪರು ಸರಿಸಿ ಅದರ ಹಳೆಯ ಜಾಗದಲ್ಲೇ ಹಾಕಿ ಕೂತು, ಕಾಲಿಗೆ ಎಟುಕಿದಷ್ಟು ಸೀಮೆಸುಣ್ಣದ ಗೆರೆಯನ್ನು ಅಂಗಾಲಿನಿಂದ ಒರೆಸಿಹಾಕಿದೆ.

"ಎರಡೂ ಕಡೆ," ಎಂದೆ.

ಮೇಸ್ತ್ರಿಯ ಗಾಡಿ ಹೋದ ಮೇಲೆ ಬಲಗಡೆಯ ಅಡುಗೆಮನೆಯಿಂದ ಒಂದು ಲೋಟ ಟೀ ಬಂತು, ಎಡಗಡೆಯಿಂದ ಇನ್ನೊಂದು. ಎರಡೂ ಒಟ್ಟಿಗೇ ಬಂದದ್ದು ಅದೇ ಮೊದಲು. ಒಂದು ಹನಿ ಬಿಡದೆ ಎರಡನ್ನೂ ಕುಡಿದೆ. ಎರಡೂ ಚೆನ್ನಾಗಿರಲಿಲ್ಲ. ಇಬ್ಬರಿಗೂ ಹೇಳಿದೆ.